ರೆಡ್ ಲೇಕ್ ಸರೋವರದ ಮೀನುಗಳು: ಅವು ಕ್ಷೀಣಿಸಿದ ಮತ್ತು ಪುನಃ ವೃದ್ಧಿಯಾದ ವಿವರ

ಇಲಾಖೆಯ ಕೆಲಸದ ಮೇಲೆ ಹಳ್ಳಿಗಳಲ್ಲಿ ಸಂಚರಿಸುವಾಗ ಗ್ರಾಮದ ಮುಖಂಡರು ನನ್ನನ್ನು ಅನೇಕ ವೇಳೆ ಕೇಳಿರುವ ಪ್ರಶ್ನೆಯೊಂದುಂಟು. “ಕೆರೆಯಲ್ಲಿ ನೀರು ಮೊದಲಿನಂತೆಯೇ ಇದೆ, ಮಳೆಯೂ ಆಗಿದೆ, ಆದರೆ ಮೀನು ಮಾತ್ರ ಏಕೆ ಇಲ್ಲವಾಯಿತು?” ಎಂಬುದೇ ಆ ಪ್ರಶ್ನೆ. ಇದಕ್ಕೆ ಕೆಲವರು ನೀರು ಕೆಟ್ಟಿತೆಂತಲೂ, ಕೆಲವರು ಕಾಲ ಕೆಟ್ಟಿತೆಂತಲೂ ತಾವೇ ಉತ್ತರ ಹೇಳಿಕೊಳ್ಳುವರು. ನೀರು ಕೆಡುವುದುಂಟು, ಇಲ್ಲವೆನ್ನಲಾಗದು. ಆದರೆ ನೀರು ಕೆಡದೆಯೂ ಮೀನು ಇಲ್ಲವಾಗಬಹುದೆಂಬುದಕ್ಕೂ, ಹಾಗೆ ಇಲ್ಲವಾದುದನ್ನು ಮನುಷ್ಯ ಪ್ರಯತ್ನದಿಂದ ಮರಳಿ ಪಡೆಯಬಹುದೆಂಬುದಕ್ಕೂ ಸ್ಪಷ್ಟವಾದ ನಿದರ್ಶನವೊಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಉತ್ತರ ಗಡಿಯ ಸಮೀಪದಲ್ಲಿ ನಡೆದಿರುವುದು. ಆ ಸರೋವರವನ್ನು ನಾನು ಕಣ್ಣಾರೆ ಕಂಡವನಲ್ಲ. ಅಲ್ಲಿಯ ಮೀನುಗಾರಿಕೆಯ ಇಲಾಖೆಗಳವರು ಪ್ರಕಟಿಸಿರುವ ವಿವರಗಳಿಂದ ತಿಳಿದುಬಂದುದನ್ನು ನಮ್ಮ ರೈತಬಾಂಧವರಿಗೆ ತಿಳಿಯುವಂತೆ ಇಲ್ಲಿ ಬರೆದಿದೆ.

ಆ ಸರೋವರದ ಹೆಸರು ರೆಡ್ ಲೇಕ್, ಅಂದರೆ ಕೆಂಪು ಸರೋವರ. ಅದಿರುವುದು ಮಿನ್ನೆಸೋಟವೆಂಬ ಸಂಸ್ಥಾನದಲ್ಲಿ. ಬಹಳ ಹಿಂದೆ ಹಿಮಗಡ್ಡೆಗಳು ಕರಗಿದಾಗ ಅಲ್ಲಿ ಅಗಾಸಿಸ್ ಎಂಬುದಾಗಿ ಭೂಶಾಸ್ತ್ರಜ್ಞರು ಕರೆಯುವ ಸಮುದ್ರದಂಥ ಜಲಾಶಯವೊಂದಿದ್ದಿತು. ಅದು ಬತ್ತಿಹೋದ ಮೇಲೆ ಉಳಿದ ತಗ್ಗುಗಳಲ್ಲಿ ರೆಡ್ ಲೇಕ್ ಒಂದು. ಅದರಲ್ಲಿ ಮೇಲಣ ಸರೋವರ, ಕೆಳಗಣ ಸರೋವರವೆಂಬ ಎರಡು ಭಾಗಗಳಿದ್ದು, ಇಕ್ಕಟ್ಟಾದ ಕಾಲುವೆಯಂಥ ದಾರಿಯೊಂದು ಅವೆರಡನ್ನೂ ಕೂಡಿಸುವುದು. ಎರಡೂ ಸೇರಿ ಸುಮಾರು 2,85,000 ಎಕರೆ ನೀರು. ದಾವಣಗೆರೆ ಸೀಮೆಯ ಸೂಳೆಕೆರೆಯನ್ನು ನೋಡಿದವರು ಅದರ ನಲವತ್ತು ಪಾಲಿಗೂ ಮೀರಿದ ವಿಸ್ತಾರವನ್ನು ಊಹಿಸಿಕೊಳ್ಳಬಹುದು. ಆದರೆ ಇಷ್ಟು ದೊಡ್ಡ ಸರೋವರಕ್ಕೆ ಆಳವು ಬಹಳ ಕಡಮೆ. ಮೇಲಣ ಭಾಗದಲ್ಲಿ ಹದಿನೈದು ಅಡಿಯ ಆಸುಪಾಸಿಗೇ ನೆಲ ಸಿಕ್ಕುವುದು. ಕೆಳಗಣ ಭಾಗದಲ್ಲಿ ಅದರ ಇಮ್ಮಡಿ ಇರಬಹುದು. ಗಾಳಿ ಎದ್ದರೆ ತಳದ ಮಣ್ಣೆಲ್ಲ ಕದಡಿ ಮೇಲೆ ಬರುವುದು. ಸುತ್ತಲಿನ ಜೌಗು ಪ್ರದೇಶದಿಂದ ಇಳಿದು ಬರುವ ನೀರೂ ಚಹಾದ ಬಣ್ಣದ್ದು. ಹೀಗೆ ತಿಳಿಯಲ್ಲದ, ಆಳವಿಲ್ಲದ, ಬಿಸಿಲು ಬೇಗ ತಾಕುವ ನೀರು ಮೀನಿನ ಆಹಾರವಾದ ಸೂಕ್ಷ್ಮಜೀವಿಗಳಿಗೆ ಬಹಳ ಹಿತವಾದುದು. ಆದುದರಿಂದಲೇ ಆ ಸರೋವರವು ಹಿಂದಿನಿಂದಲೂ ಮೀನಿಗೆ ಹೆಸರುವಾಸಿ.

ಈ ನೀರಿಗೆ ಹಕ್ಕುದಾರರು ಇಬ್ಬರು. ಕೆಳಗಣ ಸರೋವರವೆಲ್ಲವೂ ಮೇಲಣದರಲ್ಲಿ ಪಶ್ಚಿಮದ ಬಹುಭಾಗವೂ ಅಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರ ರೆಡ್ ಲೇಕ್ ಪಂಗಡಕ್ಕೆ ಸೇರಿದುದು. ಇದು ಒಟ್ಟು ನೀರಿನಲ್ಲಿ ನೂರಕ್ಕೆ 83 ಪಾಲು. ಮೇಲಣ ಸರೋವರದ ಪೂರ್ವಭಾಗದ ಸುಮಾರು 48,000 ಎಕರೆ ಮಾತ್ರ ಮಿನ್ನೆಸೋಟ ಸರ್ಕಾರದ ಆಡಳಿತದಲ್ಲಿದ್ದು, ಹೊರಗಿನ ಸಾರ್ವಜನಿಕರು ಗಾಳ ಹಾಕುವುದೆಲ್ಲ ಈ ಭಾಗದಲ್ಲಿಯೇ. 1889ರ ಒಡಂಬಡಿಕೆಯಲ್ಲಿ ಸರೋವರವು ಪೂರ್ಣವಾಗಿ ತಮಗೇ ಉಳಿಯಬೇಕಾಗಿದ್ದಿತೆಂದು ಒಜಿಬ್ವೆ ಜನರು ಹೇಳುತ್ತ ಬಂದಿರುವರು. ಈ ತಕರಾರು ಏನೇ ಇರಲಿ, ನೀರೊಳಗೆ ಗಡಿಕಲ್ಲಿಲ್ಲ. ಮೀನು ಬೆಳಗ್ಗೆ ಒಬ್ಬರ ಪಾಲಿನಲ್ಲಿದ್ದು ಸಂಜೆಗೆ ಇನ್ನೊಬ್ಬರ ಪಾಲಿಗೆ ಹೋಗುವುದು. ಮುಂದಿನ ಕಥೆಯ ತೊಡಕೆಲ್ಲವೂ ಇದರಿಂದಲೇ ಹುಟ್ಟಿತು.

ಸರೋವರದ ಮುಖ್ಯವಾದ ಮೀನಿಗೆ ವಾಲೈ ಎಂದು ಹೆಸರು. ಇದಕ್ಕೆ ನಮ್ಮಲ್ಲಿ ಹೆಸರಿಲ್ಲ, ಏಕೆಂದರೆ ಇದು ನಮ್ಮ ದೇಶದ್ದಲ್ಲ. ಉದ್ದನೆಯ ಮೈ, ಹಳದಿ ಬೆರೆತ ಹಸುರು ಬಣ್ಣ, ಬಾಯಲ್ಲಿ ಚೂಪಾದ ಹಲ್ಲು. ಎಲ್ಲಕ್ಕಿಂತ ವಿಶೇಷವಾದುದು ಅದರ ಕಣ್ಣು. ರಾತ್ರಿ ದೀಪದ ಬೆಳಕಿಗೆ ದನದ ಕಣ್ಣು ಹೇಗೆ ಹೊಳೆಯುವುದೋ ಹಾಗೆ ಈ ಮೀನಿನ ಕಣ್ಣೂ ಹೊಳೆಯುವುದು. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವೊಂದಿರುವುದೇ ಇದಕ್ಕೆ ಕಾರಣ. ಮಬ್ಬಿನಲ್ಲಿಯೂ ಕದಡಿದ ನೀರಿನಲ್ಲಿಯೂ ಬೇರೆ ಮೀನುಗಳಿಗೆ ಕಾಣದಿರುವಾಗ ಇದಕ್ಕೆ ಕಾಣುವುದರಿಂದ, ಮುಸ್ಸಂಜೆಯಲ್ಲಿ ಸಣ್ಣ ಮೀನುಗಳನ್ನು ಬೇಟೆಯಾಡಿ ಬದುಕುವುದು. ಮುಳ್ಳು ಕಡಮೆ, ಮಾಂಸ ಬಿಳುಪು, ರುಚಿ ಬಹಳ. 1965ರಲ್ಲಿ ಮಿನ್ನೆಸೋಟದವರು ಇದನ್ನು ತಮ್ಮ ಸಂಸ್ಥಾನದ ಮೀನೆಂದು ಶಾಸನದ ಮೂಲಕ ಸಾರಿದರೆಂದರೆ ಅದರ ಮೇಲೆ ಅವರಿಗಿರುವ ಆದರವು ತಿಳಿಯುವುದು.

ಇದರ ಸಂತಾನಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅಲ್ಲಿ ಚಳಿಗಾಲದಲ್ಲಿ ಸರೋವರವು ಹೆಪ್ಪುಗಟ್ಟಿ, ಏಪ್ರಿಲ್ ಕೊನೆಯ ಹೊತ್ತಿಗೆ ಹಿಮ ಒಡೆಯುವುದು. ಒಡೆದ ಕೂಡಲೇ, ನೀರಿನ್ನೂ ಕೊರೆಯುತ್ತಿರುವಾಗಲೇ, ವಾಲೈ ಮೀನುಗಳು ಕಲ್ಲು ಮೊರಸಿನ ದಡಗಳಿಗೂ ಹಳ್ಳಗಳ ಬಾಯಿಗೂ ಬಂದು ಮೊಟ್ಟೆಯಿಡುವುವು. ದೊಡ್ಡ ಹೆಣ್ಣು ಮೀನೊಂದು ಒಂದೇ ಸಲ ಲಕ್ಷಕ್ಕೂ ಹೆಚ್ಚು ಮೊಟ್ಟೆಯನ್ನಿಡಬಲ್ಲದು. ಆದರೆ ನಮ್ಮ ಕೊರವ ಮೀನು ಮರಿಗಳ ಹಿಂಡನ್ನು ಕಾಯುವಂತೆ ಇದು ಕಾಯುವುದಿಲ್ಲ, ಮೊಟ್ಟೆಯಿಟ್ಟು ಹೊರಟುಹೋಗುವುದು. ಎರಡು ಮೂರು ವಾರಗಳಲ್ಲಿ ಮರಿಗಳು ಹೊರಬರುವುವು. ಆ ದಿನಗಳಲ್ಲಿ ಬಿರುಗಾಳಿ ಬೀಸಿದರೆ, ಇಲ್ಲವೇ ಚಳಿ ಮರಳಿದರೆ, ಮೊಟ್ಟೆಮರಿಗಳೆಲ್ಲ ನಾಶವಾಗುವುವು. ಹವೆಯು ಅನುಕೂಲಿಸಿದ ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಉಳಿಯುವುವು. ಆದುದರಿಂದ ಸರೋವರದಲ್ಲಿ ಪ್ರತಿ ವರ್ಷದ ಸಂತಾನವೂ ಸಮನಾಗಿರುವುದಿಲ್ಲ. ಒಂದು ವರ್ಷದ ಈಡು ಭಾರಿಯಾದರೆ ಅದನ್ನೇ ನಾಲ್ಕಾರು ವರ್ಷ ಹಿಡಿದು ತಿನ್ನಬೇಕಾಗುವುದು. ನಡುವಿನ ವರ್ಷಗಳ ಈಡು ಹೆಸರಿಗೆ ಮಾತ್ರ. ಗಂಡು ಮೀನು ಎರಡರಿಂದ ನಾಲ್ಕು ವರ್ಷಕ್ಕೆ ಪ್ರಾಯಕ್ಕೆ ಬರುವುದು. ಹೆಣ್ಣಿಗೆ ನಾಲ್ಕರಿಂದ ಆರು ವರ್ಷ ಬೇಕು. ಹುಟ್ಟಿದ ಹೆಣ್ಣು ಮೀನು ಒಂದು ಸಲವಾದರೂ ಮೊಟ್ಟೆಯಿಡುವವರೆಗೆ ಬದುಕಿರಬೇಕಾದರೆ ಇಷ್ಟು ವರ್ಷ ಬಲೆಗೂ ಗಾಳಕ್ಕೂ ಸಿಕ್ಕದೆ ಉಳಿಯಬೇಕು.

ಈಗ ಆ ಮೀನುಗಳಿಗೆ ಏನಾಯಿತೆಂಬುದನ್ನು ನೋಡೋಣ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಆಹಾರದ ಅಭಾವವನ್ನು ನೀಗಿಸಲು ರೆಡ್ ಲೇಕ್‌ನಲ್ಲಿ ವ್ಯಾಪಾರಕ್ಕಾಗಿ ಬಲೆ ಹಾಕುವ ಕೆಲಸವು ಆರಂಭವಾಯಿತು. 1929ರಲ್ಲಿ ಒಜಿಬ್ವೆ ಬೆಸ್ತರದೇ ಸಹಕಾರ ಸಂಘವೊಂದು ಏರ್ಪಟ್ಟಿತು. ಅವರು ಉಪಯೋಗಿಸುತ್ತಿದ್ದುದು ಕಿವಿರುಬಲೆ. ಇದು ನೀರಿನಲ್ಲಿ ಗೋಡೆಯಂತೆ ನಿಲ್ಲುವ ಬಲೆ. ಮೀನು ತಲೆ ತೂರಿಸಿದಾಗ ಕಿವಿರು ಸಿಕ್ಕಿಕೊಂಡು ಹಿಂದಕ್ಕೂ ಮುಂದಕ್ಕೂ ಹೋಗಲಾರದು. ಅನೇಕ ದಶಕಗಳ ಕಾಲ ಆ ಸಂಘದ ಮೀನು ದೂರದ ಪಟ್ಟಣಗಳಿಗೆ ಹೋಗಿ ನೂರಾರು ಕುಟುಂಬಗಳಿಗೆ ಜೀವನವಾಯಿತು. ಪೂರ್ವಭಾಗದ ಸರ್ಕಾರಿ ನೀರಿನಲ್ಲಿ ಗಾಳ ಹಾಕುವವರೂ ವರ್ಷೇ ವರ್ಷೇ ಹೆಚ್ಚಿದರು. ಇವರ ಮೇಲೆ ಲೆಕ್ಕಕ್ಕೆ ಸಿಕ್ಕದೆ ಕದ್ದು ಮಾರುವವರೂ ಇದ್ದರು. ಒಬ್ಬರು ಹಿಡಿದುದರ ಲೆಕ್ಕ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಒಟ್ಟು ಎಷ್ಟು ಹಿಡಿಯಲಾಗುತ್ತಿದೆ, ನೀರಿನಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಕೂಡಿಸಿ ನೋಡುವವರು ಯಾರೂ ಇರಲಿಲ್ಲ.

ಹೀಗಿರಲಾಗಿ ನಷ್ಟವು ಒಮ್ಮೆಗೇ ಕಣ್ಣಿಗೆ ಬೀಳಲಿಲ್ಲ. ಭಾರಿಯಾದ ಈಡೊಂದು ಬಲೆಗೆ ಬರುತ್ತಿರುವವರೆಗೆ ಎಲ್ಲವೂ ಸುಭಿಕ್ಷವಾಗಿಯೇ ತೋರುವುದು. ಅದು ತೀರಿದ ಮೇಲೆ ಮುಂದಿನ ಈಡು ಬರಬೇಕಷ್ಟೆ. ಆದರೆ ಅದನ್ನು ಹೆರಬೇಕಾದ ಹೆಣ್ಣು ಮೀನುಗಳೇ ಪ್ರಾಯಕ್ಕೆ ಬರುವ ಮೊದಲು ಬುಟ್ಟಿಗೆ ಬಿದ್ದಿದ್ದವು. ಬಿತ್ತನೆಯ ಬೀಜವನ್ನು ಕುಟ್ಟಿ ಉಂಡ ಮನೆಯವರಿಗೆ ಅದರ ಫಲವು ಮಳೆ ಬಿದ್ದ ದಿನವೇ ತಿಳಿಯುವುದಲ್ಲವೆ? 1990ರ ದಶಕದ ನಡುವಿನಲ್ಲಿ ರೆಡ್ ಲೇಕ್‌ನವರಿಗೆ ಅಂಥ ದಿನ ಬಂದಿತು. ಬಲೆ ಎತ್ತಿದರೆ ಬರಿದು, ಗಾಳಕ್ಕೂ ಇಲ್ಲ. ನೀರು ಕೆಟ್ಟಿರಲಿಲ್ಲ, ಆಹಾರವು ಕುಂದಿರಲಿಲ್ಲ, ರೋಗವೂ ಬಂದಿರಲಿಲ್ಲ. ಎಷ್ಟೋ ಲಕ್ಷ ಪೌಂಡು ಮೀನನ್ನು ಕೊಡುತ್ತಿದ್ದ ಸರೋವರದಲ್ಲಿ ವಾಲೈ ಮೀನು ಹುಡುಕಿದರೂ ಸಿಕ್ಕದಂತಾಯಿತು.

ಇಂಥ ಸಮಯದಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ ಪರಸ್ಪರ ದೂಷಣೆ. ಅಲ್ಲಿಯೂ ಅದು ನಡೆಯದೆ ಇರಲಿಲ್ಲ. ಗಾಳದವರು ಬಲೆಯವರನ್ನು ಬೈದರು, ಬಲೆಯವರು ಗಾಳದವರನ್ನು ಬೈದರು. ಆದರೆ ಮೊದಲು ಕೈ ಹಿಂದೆಗೆದವರು, ಯಾರಿಗೆ ಅತಿ ಹೆಚ್ಚಿನ ನಷ್ಟವಾಗುವುದೋ ಆ ಒಜಿಬ್ವೆ ಬೆಸ್ತರೇ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. 1997ರ ಸುಮಾರಿಗೆ ಅವರು ತಮ್ಮ ಸಂಘದಲ್ಲಿ ಮತ ಹಾಕಿ ವ್ಯಾಪಾರದ ಬಲೆಗಳನ್ನು ತಾವಾಗಿಯೇ ನಿಲ್ಲಿಸಿದರು. ಜೀವನೋಪಾಯವನ್ನು ತಾವೇ ಬಿಡುವುದೆಂದರೆ ಸುಲಭವಲ್ಲ. ಅನಂತರ ಒಜಿಬ್ವೆ ಪಂಗಡ, ಮಿನ್ನೆಸೋಟ ಸರ್ಕಾರ ಮತ್ತು ಮೂಲನಿವಾಸಿಗಳ ವಿಷಯವನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ, ಈ ಮೂವರೂ ಕುಳಿತು ಮಾತನಾಡಿ 1999ರಲ್ಲಿ ಲಿಖಿತವಾದ ಕರಾರು ಮಾಡಿಕೊಂಡರು. ಗಡಿಯ ತಕರಾರನ್ನು ಅದರಲ್ಲಿ ತರಲಿಲ್ಲ. ಮೀನು ಪುನಃ ವೃದ್ಧಿಯಾಗುವವರೆಗೆ ಸರೋವರದ ಯಾವ ಭಾಗದಲ್ಲಿಯೂ ಯಾರೂ ವಾಲೈ ಹಿಡಿಯಕೂಡದೆಂಬುದೇ ಅದರ ಸಾರ. ಅದೇ ವರ್ಷ ಸರ್ಕಾರಿ ಭಾಗದಲ್ಲಿಯೂ ಗಾಳಕ್ಕೆ ನಿಷೇಧವಾಯಿತು.

ಒಬ್ಬರೇ ನಿಲ್ಲಿಸಿದ್ದರೆ ಏನಾಗುತ್ತಿದ್ದಿತೆಂಬುದನ್ನು ಓದುಗರೇ ಯೋಚಿಸಬಹುದು. ನಿಲ್ಲಿಸಿದವನ ಮೀನು ನಿಲ್ಲಿಸದವನ ಬುಟ್ಟಿಗೆ ಹೋಗುತ್ತಿದ್ದಿತು.

ಬರಿಯ ನಿಷೇಧದಿಂದಲೇ ಬೇಗ ಫಲ ಬರುವಂತಿರಲಿಲ್ಲ, ಏಕೆಂದರೆ ತಾಯಿ ಮೀನುಗಳು ಬಹಳ ಕಡಮೆಯಾಗಿದ್ದವು. ಆದುದರಿಂದ 1999, 2001 ಮತ್ತು 2003ನೆಯ ವರ್ಷಗಳ ವಸಂತದಲ್ಲಿ ಮರಿಗಳನ್ನು ತಂದು ಬಿಡಲಾಯಿತು. ಮೂರು ಸಲಕ್ಕೂ ಸೇರಿ ಹತ್ತು ಕೋಟಿಗೂ ಮೀರಿದ ಮರಿಗಳು. ಒಂದೊಂದು ವರ್ಷ ಬಿಟ್ಟು ಬಿತ್ತಿದುದಕ್ಕೆ ಕಾರಣವುಂಟು. ನಡುವಿನ ವರ್ಷಗಳಲ್ಲಿ ಸರೋವರವು ತಾನಾಗಿ ಎಷ್ಟು ಮರಿ ಹುಟ್ಟಿಸುವುದೆಂಬುದು ಇದರಿಂದ ತಿಳಿಯುವುದು. ಬಿತ್ತಿದ ವರ್ಷದ ಮರಿಗಳಲ್ಲಿಯೂ ಹೊರಗಿನವು ಯಾವುವು, ಸ್ಥಳದಲ್ಲಿಯೇ ಹುಟ್ಟಿದವು ಯಾವುವು ಎಂಬುದನ್ನು ಬೇರ್ಪಡಿಸಲು ಅವರು ಹೂಡಿದ ಉಪಾಯವು ಬಹಳ ಚಮತ್ಕಾರವಾದುದು. ಬಿಡುವ ಮುನ್ನ ಮರಿಗಳನ್ನು ಒಂದು ಬಗೆಯ ಔಷಧ ಬೆರೆಸಿದ ನೀರಿನಲ್ಲಿ ಕೆಲವು ಗಂಟೆಗಳ ಕಾಲ ಇಟ್ಟರು. ಔಷಧವು ಎಲುಬಿನೊಳಗೆ ಸೇರಿ ಗುರುತಾಗಿ ನಿಲ್ಲುವುದು. ಬೆಳೆದ ಮೀನನ್ನು ಹಿಡಿದು, ಅದರ ಕಿವಿಯೊಳಗಿರುವ ಸಣ್ಣ ಕಲ್ಲಿನಂಥ ಎಲುಬನ್ನು ತೆಗೆದು ನೇರಳಾತೀತ ಬೆಳಕಿನಲ್ಲಿಟ್ಟರೆ ಆ ಗುರುತು ಹೊಳೆಯುವುದು. ಅದೇ ಎಲುಬಿನಲ್ಲಿ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಉಂಗುರವಿದ್ದು, ಮೀನಿನ ವಯಸ್ಸನ್ನೂ ಎಣಿಸಿ ಹೇಳಬಹುದು. ಬಿಟ್ಟ ಮರಿಗಳು ಬದುಕಿ ಪ್ರಾಯಕ್ಕೆ ಬಂದು, ಅವೂ ಅಳಿದುಳಿದಿದ್ದ ಹಳೆಯ ಮೀನುಗಳೂ ಮೊಟ್ಟೆಯಿಡಲಾರಂಭಿಸಿದ ಮೇಲೆ ಬಿತ್ತನೆಯನ್ನು ನಿಲ್ಲಿಸಿದರು.

ವಾಲೈ ಇಲ್ಲದ ಆ ವರ್ಷಗಳಲ್ಲಿ ಸರೋವರವು ಖಾಲಿಯಾಗಿಯೂ ಇರಲಿಲ್ಲ. ಕ್ರಾಪಿ ಎಂಬ ಅಗಲವಾದ ಮೀನು, ತನ್ನ ಮರಿಗಳನ್ನು ತಿನ್ನುವ ವಾಲೈ ಇಲ್ಲವಾದುದರಿಂದ, ಮಿತಿಮೀರಿ ಹೆಚ್ಚಿತು. ಅದನ್ನು ಹಿಡಿಯಲು ದೂರದೂರದಿಂದ ಜನರು ಬಂದರು; ದಡದ ಹೋಟೆಲುಗಾರರು ಆ ಕೆಲವು ವರ್ಷ ಬದುಕಿಕೊಂಡುದು ಕ್ರಾಪಿಯಿಂದ. ಇದೇ ಇರಲಿ, ವಾಲೈ ಏಕೆ ಬೇಕು ಎಂದವರೂ ಉಂಟು. ಆದರೆ ಅಂಥ ಸುಗ್ಗಿಯು ನಿಲ್ಲತಕ್ಕದ್ದಲ್ಲ. ವಾಲೈ ಮರಳಿ ಬಂದಂತೆಲ್ಲ ಕ್ರಾಪಿ ತನ್ನ ಹಳೆಯ ಅಳತೆಗೆ ಇಳಿಯಿತು.

ಏಳು ವರ್ಷಗಳ ಅನಂತರ, 2006ರ ಮೇ ತಿಂಗಳಲ್ಲಿ, ಗಾಳಕ್ಕೆ ಪುನಃ ಅಪ್ಪಣೆಯಾಯಿತು. ಆದರೆ ಹಳೆಯ ಸ್ವೇಚ್ಛೆಗೆ ಎಡೆಯಿರಲಿಲ್ಲ. ಒಬ್ಬನು ಇಟ್ಟುಕೊಳ್ಳಬಹುದಾದುದು ಎರಡೇ ಮೀನು; 17 ಅಂಗುಲದಿಂದ 26 ಅಂಗುಲದವರೆಗಿನ ಮೀನು ಸಿಕ್ಕಿದರೆ ಕೂಡಲೇ ನೀರಿಗೆ ಬಿಡಬೇಕು; 26 ಅಂಗುಲಕ್ಕೆ ಮೀರಿದುದು ಒಂದು ಮಾತ್ರ. ನಮ್ಮವರು ಇದನ್ನು ಕೇಳಿದರೆ ನಗಬಹುದು. ದೊಡ್ಡದನ್ನು ಬಿಟ್ಟು ಸಣ್ಣದನ್ನು ಒಯ್ಯುವುದೆ ಎನ್ನಬಹುದು. ಬಿಡಬೇಕಾದ ಅಳತೆಯ ಮೀನುಗಳೇ ಮೊಟ್ಟೆಯಿಡುವ ತಾಯಿ ಮೀನುಗಳು. ಅವು ಅಸಲು, ಸಣ್ಣವು ಬಡ್ಡಿ ಎಂದು ತಿಳಿದರೆ ನಿಯಮದ ಅರ್ಥವಾಗುವುದು. ಒಟ್ಟು ಎಷ್ಟು ಹಿಡಿಯಬಹುದೆಂಬುದಕ್ಕೂ ಮೇಲ್ಮಿತಿಯನ್ನು ಗೊತ್ತುಮಾಡಿದರು. ವರ್ಷಕ್ಕೆ ಎಕರೆಗೆ ಮೂರೂವರೆ ಪೌಂಡು, ಅಂದರೆ ನಮ್ಮ ಈಗಿನ ತೂಕದಲ್ಲಿ ಸುಮಾರು ಒಂದೂವರೆ ಕಿಲೋ. ಈ ಲೆಕ್ಕದಂತೆ ಸರ್ಕಾರದ 48,000 ಎಕರೆಗೆ 1,68,000 ಪೌಂಡು. ಗೊಬ್ಬರ ಹಾಕಿ ಮೇವುಣಿಸುವ ನಮ್ಮ ಹೊಂಡಗಳಲ್ಲಿ ಎಕರೆಗೆ ನೂರಾರು ಕಿಲೋ ಬೆಳೆಯುವವರಿಗೆ ಇದು ಅತ್ಯಲ್ಪವಾಗಿ ತೋರುವುದು ಸಹಜ. ಆದರೆ ವರ್ಷದಲ್ಲಿ ಐದು ತಿಂಗಳು ಹಿಮದಡಿಯಲ್ಲಿರುವ ನೀರಿನಲ್ಲಿ, ಹೊರಗಿನ ಮೇವಿಲ್ಲದೆ, ಬೇರೆ ಮೀನನ್ನು ತಿಂದೇ ಬೆಳೆಯುವ ಮೀನು ಅದಕ್ಕಿಂತ ಹೆಚ್ಚು ಕೊಡಲಾರದು. ಮುಂದಿನ ವರ್ಷಗಳಲ್ಲಿ ತಾಯಿ ಮೀನುಗಳ ಒಟ್ಟು ತೂಕವನ್ನು ಅಂದಾಜು ಮಾಡಿ, ಅದರ ಪ್ರಕಾರ ಈ ಮಿತಿಗಳನ್ನು ಸಡಿಲಿಸುತ್ತಲೂ ಬಿಗಿಮಾಡುತ್ತಲೂ ಬಂದಿರುವರು. ಒಜಿಬ್ವೆ ಜನರು ತಮ್ಮ ವ್ಯಾಪಾರವನ್ನು ಪುನಃ ಆರಂಭಿಸಿದಾಗ ಬಲೆಗಳನ್ನು ಕಟ್ಟಿಟ್ಟು ಮೊದಲು ಗಾಳದಿಂದಲೇ ಹಿಡಿಯುವ ಏರ್ಪಾಡು ಮಾಡಿಕೊಂಡರು.

ಗಾಳದವನಿಗೆ ಅಲ್ಲಿ ಸಿಕ್ಕುವ ಅವಕಾಶವು ಎರಡು ಬಗೆಯದು. ಮೇ ತಿಂಗಳ ನಡುವಿನಿಂದ ದೋಣಿಯಲ್ಲಿ ಹೋಗಿ ಹಿಡಿಯುವುದು ಒಂದು. ಮೊಟ್ಟೆಯಿಟ್ಟು ಮುಗಿಸಿದ ಮೀನುಗಳು ಆಗ ದಡದ ಸಮೀಪದಲ್ಲಿಯೇ ಹಸಿದು ತಿರುಗುವುದರಿಂದ ಐದಾರು ಅಡಿ ನೀರಿನಲ್ಲಿಯೇ ಸಿಕ್ಕುವುವು. ನೀರು ಮಬ್ಬಾದುದರಿಂದ ನಡುಹಗಲಿನಲ್ಲಿಯೂ ಕಚ್ಚುವುವು. ಇನ್ನೊಂದು ಬಗೆಯು ನಮಗೆ ವಿಚಿತ್ರವಾಗಿ ಕಾಣತಕ್ಕದ್ದು. ಆಳ ಕಡಮೆಯಾದ ಮೇಲಣ ಸರೋವರವು ಬೇರೆ ಸರೋವರಗಳಿಗಿಂತ ಮೊದಲೇ ಹೆಪ್ಪುಗಟ್ಟುವುದು. ಜನರು ಅದರ ಮೇಲೆ ನಡೆದೂ, ಹಿಮ ದಪ್ಪವಾದ ಮೇಲೆ ಮೋಟಾರು ಓಡಿಸಿಕೊಂಡೂ ಹೋಗಿ, ಸಣ್ಣ ಮರದ ಮನೆಗಳನ್ನು ನಿಲ್ಲಿಸಿ, ಹಿಮಕ್ಕೆ ತೂತು ಕೊರೆದು ಒಳಗೆ ಗಾಳ ಬಿಡುವರು. ಫೆಬ್ರವರಿ ಕೊನೆಯವರೆಗೆ ಇದಕ್ಕೆ ಅಪ್ಪಣೆಯುಂಟು. ಅಪಾಯವೂ ಉಂಟು. ನಾಲ್ಕು ಅಂಗುಲಕ್ಕೆ ಕಡಮೆಯಾದ ಹಿಮದ ಮೇಲೆ ಕಾಲಿಡಕೂಡದೆಂದು ಸರ್ಕಾರದವರು ಎಚ್ಚರಿಸಿದರೂ ಆತುರಗಾರರು ಕೇಳುವುದಿಲ್ಲ. 2023ರ ಡಿಸೆಂಬರ್ ಕೊನೆಯಲ್ಲಿ ಹಿಮದ ದೊಡ್ಡ ಹಲಗೆಯೊಂದು ದಡದಿಂದ ಬಿಟ್ಟುಕೊಂಡು ತೇಲಿಹೋಗಿ, ಅದರ ಮೇಲಿದ್ದ ನೂರಕ್ಕೂ ಹೆಚ್ಚು ಮಂದಿಯನ್ನು ಪಾರುಮಾಡಬೇಕಾಯಿತು.

ಮೀನು ಮರಳಿತೆಂದು ಅಲ್ಲಿಯವರ ಚಿಂತೆ ತೀರಲಿಲ್ಲ. 2016ರಲ್ಲಿ ಮೇಲಣ ಸರೋವರದಲ್ಲಿ ಹೊರದೇಶದ ಪಾಚಿಯೊಂದು ಕಾಣಿಸಿಕೊಂಡಿತು. 2019ರಲ್ಲಿ ಜೀಬ್ರಾ ಚಿಪ್ಪೆಂಬ ಬೆರಳುಗುರಿನಷ್ಟು ಪ್ರಮಾಣದ ಚಿಪ್ಪುಜೀವಿಯ ಮರಿಗಳು ಆ ನೀರಿನಲ್ಲಿರುವುದು ದೃಢಪಟ್ಟಿತು. ಇದು ನೀರನ್ನು ಸೋಸಿ ಸೋಸಿ ಮೀನುಮರಿಯ ಆಹಾರವನ್ನು ತಾನೇ ತಿಂದುಬಿಡುವುದು. ನೀರು ತಿಳಿಯಾದರೆ, ಮಬ್ಬಿನಲ್ಲಿ ಬೇಟೆಯಾಡುವ ವಾಲೈಗೆ ಇದ್ದ ಅನುಕೂಲವೂ ಹೋಗುವುದು. ಒಮ್ಮೆ ನೆಲೆಸಿದ ಮೇಲೆ ಇಂಥ ದೊಡ್ಡ ಸರೋವರದಿಂದ ಅದನ್ನು ತೆಗೆಯುವ ಮಾರ್ಗವಿಲ್ಲ. ಇಂಥ ಜೀವಿಗಳು ಹರಡುವುದು ಬಹುಮಟ್ಟಿಗೆ ಒಂದು ಸರೋವರದಿಂದ ಇನ್ನೊಂದಕ್ಕೆ ತೊಳೆಯದೆ ಒಯ್ಯುವ ದೋಣಿ, ಬುಟ್ಟಿ, ನೀರುಗಳಿಂದ. ನಮ್ಮಲ್ಲಿಯೂ ಆಫ್ರಿಕಾದ ಬಾಳೆಮೀನಿನ ಮರಿಗಳನ್ನು ಲಾಭದಾಸೆಗೆ ತಂದು ಕೆರೆಗೆ ಬಿಟ್ಟವರುಂಟು. ಈ ಮೀನಿನ ಸಾಕಣೆಯನ್ನು ಸರ್ಕಾರವು ನಿಷೇಧಿಸಿರುವುದು ಸುಮ್ಮನೆ ಅಲ್ಲ; ಕೆರೆಯಲ್ಲಿರುವ ಬೇರೆ ಮೀನುಗಳನ್ನೆಲ್ಲ ಅದು ತಿಂದು ಮುಗಿಸುವುದು.

ರೆಡ್ ಲೇಕ್‌ನಲ್ಲಿ ನಡೆದುದನ್ನು ಅಕ್ಷರಶಃ ನಮ್ಮ ಕೆರೆಗಳಲ್ಲಿ ನಡೆಸಲು ಬಾರದು. ಕಾಟ್ಲ, ರೋಹು ಮೀನುಗಳು ನಿಂತ ಕೆರೆಯ ನೀರಿನಲ್ಲಿ ಸಾಮಾನ್ಯವಾಗಿ ಮರಿಮಾಡುವುದಿಲ್ಲ. ಅವಕ್ಕೆ ಹರಿಯುವ ಹೊಳೆಯ ಹೊಸನೀರು ಬೇಕು. ಆದುದರಿಂದ ಅವುಗಳ ಮರಿಗಳನ್ನು ಪ್ರತಿ ವರ್ಷವೂ ತಂದು ಬಿಡಬೇಕೇ ಹೊರತು, ತಾಯಿ ಮೀನನ್ನು ಉಳಿಸಿದೆವೆಂದು ಕಾದು ಕುಳಿತರೆ ಪ್ರಯೋಜನವಿಲ್ಲ. ಬೇಸಗೆಯಲ್ಲಿ ಬತ್ತಿಹೋಗುವ ಕೆರೆಯಲ್ಲಿಯಂತೂ ಉಳಿಸುವ ಮಾತೇ ಇಲ್ಲ. ಆದರೆ ಕೊರವ ಮೊದಲಾದ ಮೀನುಗಳು ಕೆರೆಯಲ್ಲಿಯೇ ಮರಿಮಾಡತಕ್ಕವು. ವರ್ಷವಿಡೀ ನೀರು ನಿಲ್ಲುವ ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಹರಾಜು ಹಾಕುವಾಗ, ಮಳೆಗಾಲದ ಮೊದಲಲ್ಲಿ ಮರಿಯ ಹಿಂಡಿನ ಸಮೇತ ಕಾಣುವ ಕೊರವ ಮೀನನ್ನು ಹಿಡಿಯಕೂಡದೆಂದೂ, ಬಲೆಯ ಕಣ್ಣು ಇಂತಿಷ್ಟು ಅಗಲವಿರಬೇಕೆಂದೂ ಕರಾರಿನಲ್ಲಿಯೇ ಬರೆಸಬಹುದು. ಒಂದೇ ಕೆರೆಗೆ ಎರಡು ಮೂರು ಊರುಗಳ ಹಕ್ಕಿರುವ ಕಡೆಯಲ್ಲಿ ಎಲ್ಲ ಊರಿನ ಮುಖಂಡರೂ ಒಟ್ಟಿಗೆ ಕುಳಿತು ಇದನ್ನು ಬರೆಸತಕ್ಕದ್ದು. ಒಂದೂರಿನವರು ಮಾತ್ರ ಬರೆಸಿದ ಕರಾರು ನೀರಿನ ಆಚೆಯ ದಡದಲ್ಲಿ ನಡೆಯುವುದಿಲ್ಲ. ಗುತ್ತಿಗೆದಾರನು ಹಿಡಿದ ಮೀನಿನ ಜಾತಿ, ತೂಕ, ತಿಂಗಳು ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವಂತೆಯೂ ಕರಾರಿನಲ್ಲಿ ಸೇರಿಸಿದರೆ, ಮುಂದಿನ ಹರಾಜಿನ ವೇಳೆಗೆ ಕೆರೆಯಲ್ಲಿ ಮೀನು ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಊರಿನವರಿಗೇ ತಿಳಿಯುವುದು. ಇಂಥ ಪುಸ್ತಕವನ್ನು ಇಟ್ಟಿರುವ ಊರುಗಳನ್ನು ನಾನು ನೋಡಿರುವುದು ಬಹಳ ಕಡಮೆ.